ಅಪಾಯಕಾರಿ ಅಂಶವಿರುವ ಸಂಶಯವಿದೆ

ಕೈಪಿಡಿ ಓದಿಕೊಂಡು ಯಂತ್ರ ನಡೆಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಕನಿಕರ. ಹದಿನಾರು ವರ್ಷದಿಂದ ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ವಿಭಾಗ ಎಂದರೆ ನಾನೊಬ್ಬಳೇ. ಮುಖ್ಯಸ್ಥೆಯೂ ನಾನೇ, ಸಿಬ್ಬಂದಿಯೂ ನಾನೇ. ಹಾಗಾಗಿ ವಿಭಾಗದಲ್ಲಿ ಈವರೆಗೆ ಭಿನ್ನಾಭಿಪ್ರಾಯ ಬಂದದ್ದೇ ಇಲ್ಲ!

ನಮ್ಮ ಆಸ್ಪತ್ರೆಗೆ ಸೊರಬದಲ್ಲಿ ಒಂದು ಶಾಖೆಯಿದೆ. ಹೋದ ವರ್ಷ ಇಮೇಲಿನಲ್ಲಿ ಬಂದ ಯಾವುದೋ ಸುಳ್ಳು ಬಿಲ್ಲನ್ನು ಯಾರೋ ತೆರೆದು, ಎರಡೂ ಕಡೆಯ ಕಂಪ್ಯೂಟರುಗಳು ಒಂದು ಇಡೀ ದಿನ ಮಲಗಿಬಿಟ್ಟವು. ಅದಾದ ಮೇಲೆ ಆಡಳಿತ ಮಂಡಳಿಯವರು ಮೂರು ಪೆಟ್ಟಿಗೆ ತರಿಸಿದರು. ಇಮೇಲಿನಲ್ಲಿ ಬರುವ ಪ್ರತಿ ಫೈಲನ್ನೂ ಈ ಪೆಟ್ಟಿಗೆ ಮೊದಲು ತನ್ನೊಳಗೇ ತೆರೆದು, ಅದೇನು ಕಿತಾಪತಿ ಮಾಡುತ್ತದೆಂದು ನೋಡುತ್ತದೆ. ಸಂಭಾವಿತ ಫೈಲಾದರೆ ಬಿಡುತ್ತದೆ, ವೈರಸ್ಸಾದರೆ ಹಿಡಿದಿಡುತ್ತದೆ. ಎರಡು ಪೆಟ್ಟಿಗೆ ಶಿಕಾರಿಪುರಕ್ಕೆ, ಒಂದು ಸೊರಬಕ್ಕೆ. ಮೂರನ್ನೂ ಒಂದು ಗುಂಪು ಮಾಡಿ, ನನ್ನ ಮೇಜಿನ ಮೇಲಿನ ಒಂದೇ ಕಂಪ್ಯೂಟರಿನಿಂದ ಆಳಬೇಕು. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ.

ಪೆಟ್ಟಿಗೆ ತಂದಿಟ್ಟವರು, "ಸೆಟ್ಟಿಂಗ್ ನಾವೇ ಮಾಡಿ ಕೊಡ್ತೀವಿ ಮೇಡಂ" ಎಂದರು. ನಾನು ನಕ್ಕು ಅವರನ್ನು ಕಳಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ನಮ್ಮೆಜಮಾನರಿಗೆ ಇದನ್ನೆಲ್ಲ ವಿವರಿಸಿದೆ. ಅವರದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಬಣ್ಣ.

"ಮೂರು ಡಬ್ಬಿ ಅಂದ್ಯಲ್ಲ, ಅದ್ರಾಗೆ ಹಿರೇರು ಯಾರು?" ಎಂದರು.

"ಒಂದು ಮುಖ್ಯ ರೀ. ಅದಕ್ಕೆ ಏನಾರ ಆದ್ರೆ ಇನ್ನೊಂದು ಅದರ ಜಾಗಕ್ಕೆ ಬರ್ತೈತಿ."

"ಎರಡಕ್ಕೂ ನಾನೇ ಹಿರೇನು ಅನ್ನಿಸಿಬಿಟ್ರೆ?"

"ಹಂಗೆಲ್ಲ ಆಗಲ್ಲ, ಸುಮ್ನೆ ಉಪ್ಪಿಟ್ಟು ತಿನ್ರೀ."

ಹನ್ನೊಂದು ಗಂಟೆಗೆ ಹಾಗೆಯೇ ಆಯಿತು.

ಗುಂಪಿಗೆ ಒಂದು ಹೆಸರು ಕೊಡಬೇಕಿತ್ತು. ಊರಿನ ಹೆಸರನ್ನೇ ಇಟ್ಟೆ. ಇಂಗ್ಲಿಷಿನಲ್ಲಿ ನಮ್ಮ ಊರನ್ನು ಕೆಲವರು ಕೊನೆಗೆ ಒಂದು 'ಎ' ಹಾಕಿ ಬರೆಯುತ್ತಾರೆ, ಕೆಲವರು ಹಾಕುವುದಿಲ್ಲ. ಉದಾರಿಯಾದ ನಾನು ಮೊದಲ ಪೆಟ್ಟಿಗೆಯಲ್ಲಿ ಹಾಕಿದೆ, ಎರಡನೆಯದರಲ್ಲಿ ಬಿಟ್ಟೆ! ಹೆಸರು ಬೇರೆಯಾದದ್ದರಿಂದ ಎರಡನೆಯದು ತನ್ನದೇ ಬೇರೆ ಗುಂಪು ಎಂದುಕೊಂಡು ಪಟ್ಟಕ್ಕೇರಿತು. ಒಂದೇ ಕೋಣೆಯಲ್ಲಿ ಇಬ್ಬರು ದೊರೆಗಳು.

ಇದನ್ನು ಸರಿಪಡಿಸುವ ಅವಸರದಲ್ಲಿ ಕೇಂದ್ರದಿಂದ ಮೂರಕ್ಕೂ ಒಟ್ಟಿಗೆ ಹೊಸ ಸೆಟ್ಟಿಂಗ್ ಕಳಿಸಿದೆ. ಹಾಗೆ ಕಳಿಸುವ ಮೊದಲು ಪೆಟ್ಟಿಗೆಗಳಲ್ಲಿ ಇರುವ ಸೆಟ್ಟಿಂಗನ್ನು ಕೇಂದ್ರಕ್ಕೆ ತಂದುಕೊಳ್ಳಬೇಕಂತೆ. ಕೈಪಿಡಿಯ ಎರಡನೇ ಪುಟದಲ್ಲೇ ಅದು ದಪ್ಪಕ್ಷರದಲ್ಲಿದೆ. ನಾನು ತಂದುಕೊಂಡಿರಲಿಲ್ಲವಾಗಿ, ಸೊರಬದ ಪೆಟ್ಟಿಗೆ ತನ್ನ ನೆಟ್‌ವರ್ಕ್ ವಿಳಾಸವನ್ನೇ ಕಳೆದುಕೊಂಡು ಪರದೆಯಿಂದ ಮಾಯವಾಯಿತು! ಅಲ್ಲಿಗೆ ಬಂದ ಫೈಲುಗಳೆಲ್ಲ ಪರೀಕ್ಷೆಯಾಗದೆ ತಡೆದು ನಿಂತವು.

ಸ್ವಲ್ಪ ಹೊತ್ತಿಗೆ ಸೊರಬದಿಂದ ನರ್ಸ್ ನಾಗವೇಣಿಯ ಫೋನು.

"ಮೇಡಂ, ಶಿವಮೊಗ್ಗದ ಲ್ಯಾಬಿಂದ ಬಂದಿರೋ ರಿಪೋರ್ಟು ಒಂದೂ ಓಪನ್ ಆಗ್ತಿಲ್ಲ. ಡಾಕ್ಟ್ರು ಬೈತಿದಾರೆ. ಪೇಷಂಟುಗಳು ಕಾಯ್ತಿದಾರೆ."

ಲ್ಯಾಬಿಗೆ ಫೋನು ಮಾಡಿದರೆ, ರಿಪೋರ್ಟನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ ಎಂದರು. ಇನ್ನೊಂದು ಇಮೇಲಿಗೆ ಕಳಿಸಲೂ ಒಪ್ಪಲಿಲ್ಲ. ಇನ್ನು ನಾನೇ ಸೊರಬಕ್ಕೆ ಹೋಗಿ, ಪೆಟ್ಟಿಗೆಗೆ ನೇರವಾಗಿ ಕೇಬಲ್ ಚುಚ್ಚಿ ವಿಳಾಸ ಹೇಳಿಕೊಡಬೇಕು. ಮನೆಗೆ ಓಡಿ ಲ್ಯಾಪ್‌ಟಾಪ್, ಕೇಬಲ್ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ ನಿಂತಾಗ ಬ್ಯಾಗು ತೆಗೆದು ನೋಡಿದರೆ, ಅದು ನಮ್ಮೆಜಮಾನರು ಗಡ್ಡ ಕತ್ತರಿಸುವ ಮಷೀನಿನ ಚಾರ್ಜರು!

ಸೊರಬ ತಲುಪಿದಾಗ ಊಟದ ಹೊತ್ತು ಮೀರಿತ್ತು. ಆಸ್ಪತ್ರೆಯ ಹಾಲಿನ ಮೂಲೆಯ ಬೆಂಚಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅವರು ಕುಬಟೂರಿನ ರುದ್ರಪ್ಪನೋರು" ಎಂದಳು ನಾಗವೇಣಿ ಮೆಲ್ಲಗೆ. "ಬೆನ್ನಿನ ಗಡ್ಡೆ ಟೆಸ್ಟಿಗೆ ಕೊಟ್ಟು ಎಂಟು ದಿನ ಆತು. ರಿಪೋರ್ಟು ಏನ್ ಬಂತು ಅಂತ ಒಂದೇ ಸಮ ಕೇಳ್ತಿದ್ರು. ಸ್ಕ್ರೀನಲ್ಲಿ ಏನಿತ್ತೋ ಅದನ್ನೇ ಓದಿ ಹೇಳಿದೆ ಮೇಡಂ."

"ಏನಿತ್ತು?"

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ರುದ್ರಪ್ಪನವರ ಹೆಸರಿನ ಕೆಳಗೆ ಹೀಗಿತ್ತು: "ಇದರಲ್ಲಿ ಅಪಾಯಕಾರಿ ಅಂಶವಿರುವ ಸಂಶಯವಿದೆ. ಹರಡದಂತೆ ಪ್ರತ್ಯೇಕವಾಗಿ ಇರಿಸಲಾಗಿದೆ."

ಈ ವಾಕ್ಯ ಬರೆದದ್ದು ಯಂತ್ರವಲ್ಲ. ನಾನು! ಫೈಲನ್ನು ತಡೆದಾಗ ಇಂಗ್ಲಿಷ್ ಸಂದೇಶ ಬರುವುದು ನನಗೆ ಸರಿಕಾಣದೆ, ಶುದ್ಧ ಕನ್ನಡದಲ್ಲಿ ಬರೆದು ಹಾಕಿದ್ದೆ. ವೈರಸ್ ಸಿಕ್ಕಿದ ಫೈಲಿಗೂ, ಇನ್ನೂ ಪರೀಕ್ಷೆಯೇ ಆಗದ ಫೈಲಿಗೂ ಒಂದೇ ಸಂದೇಶ ಸಾಕು ಎಂದು ನಿರ್ಧರಿಸಿದವಳೂ ನಾನೇ. ಬರೆದ ಮೇಲೆ ಎರಡು ಸಲ ಓದಿ, ಭಾಷೆ ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಂಡಿದ್ದೆ. ಬೆಂಚಿನ ಮೇಲೆ ಕೂತವರೊಬ್ಬರು ಅದನ್ನು ಕೇಳಿಸಿಕೊಳ್ಳಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

ಹೋಗಿ ಅವರ ಮುಂದೆ ನಿಂತೆ.

"ಅಜ್ಜಾರೆ, ಆ ಮಾತು ನಿಮ್ಮ ಗಡ್ಡೆಗೆ ಹೇಳಿದ್ದಲ್ಲ. ಕಂಪ್ಯೂಟರಿನ ಕಾಗದಕ್ಕೆ ಹೇಳಿದ್ದು. ನಿಮ್ಮ ರಿಪೋರ್ಟು ಇನ್ನೂ ಯಾರೂ ನೋಡೇ ಇಲ್ಲ."

ರುದ್ರಪ್ಪನವರು ನನ್ನನ್ನು ಕರುಣೆಯಿಂದ ನೋಡಿದರು. "ಇರ್ಲಿ ಬಿಡವ್ವಾ. ಸಮಾಧಾನಕ್ಕೆ ಹೇಳ್ತೀಯ. ಹರಡದಂಗೆ ಬ್ಯಾರೆ ಇಟ್ಟೀವಿ ಅಂತ ಬರ್ದೈತಂತಲ್ಲ. ನಂಗೊಂದೇ ಯೋಚನೆ, ಮೊಮ್ಮಕ್ಕಳ ಜೊತಿಗೆ ಒಂದೇ ತಟ್ಟೇಲಿ ಉಂಡೀನಿ."

ನಾನು ಒಳಗೆ ಓಡಿದೆ.

ಕೇಬಲಿಗಾಗಿ ಹುಡುಕಾಟ ಶುರುವಾಯಿತು. ಪೆಟ್ಟಿಗೆಯ ಜೊತೆಗೇ ಒಂದು ಕೇಬಲ್ ಬಂದಿರಬೇಕು ಎಂಬುದು ನೆನಪಾಗಿ, ಆ ರಟ್ಟಿನ ಡಬ್ಬ ಎಲ್ಲಿ ಎಂದು ಕೇಳಿದೆ. ನಾಗವೇಣಿ ಅದಕ್ಕೆ ಹತ್ತಿ, ಬ್ಯಾಂಡೇಜು ತುಂಬಿ ಸ್ಟೋರಿನಲ್ಲಿಟ್ಟಿದ್ದಳು. ಇಬ್ಬರೂ ನೆಲದಲ್ಲಿ ಕೂತು ಹತ್ತಿಯನ್ನೆಲ್ಲ ಹೊರಗೆಳೆದೆವು. ತಳದಲ್ಲಿ ಕೇಬಲಿತ್ತು. ತಲೆತುಂಬ ಹತ್ತಿ ಹೊತ್ತುಕೊಂಡು ಪೆಟ್ಟಿಗೆಯ ಮುಂದೆ ಕೂತೆ. ಜೀವಮಾನದಲ್ಲಿ ಮೊದಲ ಬಾರಿಗೆ ಕೈಪಿಡಿಯನ್ನು ಮೊಬೈಲಿನಲ್ಲಿ ತೆರೆದು, ಒಂದೊಂದೇ ಸಾಲು ಓದುತ್ತ, ಹೇಳಿದಷ್ಟನ್ನೇ ಮಾಡಿದೆ. ಪೆಟ್ಟಿಗೆಗೆ ವಿಳಾಸ ಕೊಟ್ಟೆ. ಶಿಕಾರಿಪುರದ ಎರಡನೇ ದೊರೆಗೆ ಬಿಟ್ಟುಹೋಗಿದ್ದ 'ಎ'ಯನ್ನು ಲ್ಯಾಪ್‌ಟಾಪಿನಿಂದಲೇ ದಯಪಾಲಿಸಿದೆ. ಮೂರೂ ಒಂದಾದವು. ಆ ಕನ್ನಡ ವಾಕ್ಯವನ್ನು ಅಳಿಸಿ, "ಫೈಲನ್ನು ಇನ್ನೂ ಪರೀಕ್ಷಿಸಿಲ್ಲ, ಕಾಯಿರಿ" ಎಂದಷ್ಟೇ ಬರೆದೆ.

ಬಾಕಿ ಫೈಲುಗಳು ಸರದಿಯಲ್ಲಿ ಹೊರಬರಲು ಇಪ್ಪತ್ತು ನಿಮಿಷ ಬೇಕಿತ್ತು. ಆ ಇಪ್ಪತ್ತು ನಿಮಿಷ ಬೆಂಚಿನಲ್ಲಿ ಅವರ ಪಕ್ಕ ಕೂತೆ. ತಪ್ಪು ನನ್ನದು, ಹೆಸರು ತಪ್ಪಾಗಿ ಬರೆದೆ, ಓದದೆ ಒತ್ತಿದೆ, ಆ ವಾಕ್ಯವನ್ನೂ ನಾನೇ ಬರೆದೆ ಎಂದು ಎಲ್ಲ ಹೇಳಿದೆ. ಸೊಸೆ ಕಣ್ಣೊರೆಸುವುದನ್ನು ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು. ರುದ್ರಪ್ಪನವರು ಮಾತ್ರ ಟವೆಲಿನ ಅಂಚನ್ನು ಸರಿಮಾಡುತ್ತಿದ್ದರು. ಹದಿನಾರು ವರ್ಷದಲ್ಲಿ ನಾನು ಎಷ್ಟೋ ಸಲ "ಸ್ವಲ್ಪ ಕಾಯಿರಿ" ಎಂದಿದ್ದೇನೆ. ಕಾಯುವವರ ಜೊತೆ ಕೂತದ್ದು ಅದೇ ಮೊದಲು. ಇಪ್ಪತ್ತು ನಿಮಿಷ ಅಷ್ಟು ಉದ್ದವಿರುತ್ತದೆಂದು ಗೊತ್ತಿರಲಿಲ್ಲ.

ಡಾಕ್ಟರು ಒಳಗಿನಿಂದ ಕರೆದರು. ರುದ್ರಪ್ಪನವರು ಒಳಗೆ ಹೋದರು, ತೆರೆದೇ ಇದ್ದ ಬಾಗಿಲ ಬಳಿ ಸೊಸೆಯೂ ನಾನೂ ನಿಂತೆವು.

"ಏನಿಲ್ಲ ರುದ್ರಪ್ಪನೋರೆ, ಬರೀ ಕೊಬ್ಬಿನ ಗಡ್ಡೆ. ಆರಾಮಾಗಿ ಮನೆಗೆ ಹೋಗಿ."

ಸೊಸೆ ಗೋಡೆಗೊರಗಿ ಕೂತುಬಿಟ್ಟಳು. ನಾನೂ ಕೂತೆ. ರುದ್ರಪ್ಪನವರು ಹೊರಗೆ ಬಂದು, ಹಾಲಿನಲ್ಲಿದ್ದ ಅಷ್ಟೂ ಜನರಿಗೆ ಕೇಳುವಂತೆ, "ಇಕಾ, ಈ ಅವ್ವನೇ ಶಿಕಾರಿಪುರದಿಂದ ಬಂದು ಮಷೀನು ರಿಪೇರಿ ಮಾಡಿದ್ದು!" ಎಂದು ಸಾರಿದರು. ಅಷ್ಟೆಲ್ಲ ತಪ್ಪೊಪ್ಪಿಕೊಂಡದ್ದು ಗಾಳಿಗೆ ಹೋಗಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ. ನಿಜ ಹೇಳಬೇಕೆಂದರೆ, ಒಂದು ಕ್ಷಣ ಹಿತವೂ ಆಯಿತು.

"ಅವ್ವಾ, ಇಷ್ಟು ದೂರ ಬಂದೀಯ. ನಮ್ಮ ತೋಟದ ಮೋಟ್ರಿನ ಸ್ಟಾರ್ಟರ್ ಒಂದೀಟು ತೊಂದ್ರೆ ಕೊಡ್ತೈತೆ. ಬಂದು ನೋಡ್ತೀಯೇನವ್ವಾ?"

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಧಡಕ್ಕನೆ ಎದ್ದಳು.

"ಬ್ಯಾಡ ಮಾವಾ! ಈಗ ದಿನಾ ಒಂದು ತಾಸಾದ್ರೂ ನೀರು ಬರ್ತೈತೆ!"