ಗೇಟಿನಾಚೆ ನಿಲ್ಲಲಾರದ ಮೇಷ್ಟ್ರು

ಇದನ್ನು ಹೇಳಬಹುದೋ ಬಾರದೋ ಎಂದು ಬಹಳ ಯೋಚಿಸಿದೆ. ಒಬ್ಬ ಒಳ್ಳೆಯ ಮೇಷ್ಟ್ರ ಮಾನದ ವಿಷಯ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಲ್ಲಕ್ಕೂ ಕಾರಣ ಒಂದು ಷರತ್ತು. ವಿಶೇಷ ಮಕ್ಕಳ ಶಾಲೆಗೂ ಹೋಟೆಲಿನ ಬಟ್ಟೆ ಒಗೆಯುವ ಲಾಂಡ್ರಿಗೂ ಒಪ್ಪಂದವಾಗಿತ್ತು: ಓದು ಮುಗಿಸಿದವರು ಅಲ್ಲಿ ಕೆಲಸ ಕಲಿಯಬೇಕು; ಕೊನೆಗೆ ಒಂದು ದಿನ ಮೇಷ್ಟ್ರ ನೆರವಿಲ್ಲದೆ ಮಾಡಿ ತೋರಿಸಬೇಕು; ಗೆದ್ದರೆ ಕಾಯಂ. ಅವತ್ತು ಮೇಷ್ಟ್ರು ಕಲಿಸಿದ ಒಬ್ಬ ಹುಡುಗಿಯ ಸರದಿ. ಮಾತು ನಿಧಾನ, ಕಲಿಯುವುದೂ ನಿಧಾನ. ಕಲಿತದ್ದು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ. ಸೋತರೆ ಮರುದಿನದಿಂದ ಅಣ್ಣನ ಮನೆಯ ಮೂಲೆಯೇ ಗತಿ.

ಮೇಷ್ಟ್ರು ಗೇಟಿನಾಚೆ ಇರಬೇಕಿತ್ತು. ಆದರೆ ಅವರ ಎದೆ ಒಗೆಯುವ ಯಂತ್ರಕ್ಕಿಂತ ಜೋರಾಗಿ ಸದ್ದು ಮಾಡುತ್ತಿತ್ತು. ಹಿಂಬಾಗಿಲಿನಿಂದ ನುಸುಳಿ, ಮೊಳೆಯಲ್ಲಿದ್ದ ಏಪ್ರನ್ನು ತೊಟ್ಟು, ಒಣಹಾಕಿದ ಬೆಡ್‌ಶೀಟುಗಳ ಹಿಂದೆ ಅಡಗಿದರು.

“ಏನ್ ಮೇಷ್ಟ್ರೇ, ಕಳ್ಳತನಕ್ಕೆ ಬಂದ್ರಾ?” ಇಸ್ತ್ರಿಯವನು ಕಿಸಕ್ಕನೆ ನಕ್ಕ. “ಯಜಮಾನಿ ಕೈಗೆ ಸಿಕ್ಕಿಬಿದ್ರೆ ಆ ಹುಡುಗಿ ಕೆಲಸ ಖಲಾಸ್!”

“ಅವರು ನನ್ನ ಮುಖಾನೇ ನೋಡಿಲ್ಲ ಕಣೋ. ಸುಮ್ನಿರು.”

ಹುಡುಗಿ ಬಿಳಿ ಬೆಡ್‌ಶೀಟುಗಳಲ್ಲಿ ಕೆಲವನ್ನು ನೆಲಕ್ಕೆ ಹಾಕಿ, ಉಳಿದವನ್ನು ಯಂತ್ರದಲ್ಲಿಟ್ಟು ಆಚೆ ಹೋದಳು. ಮೇಷ್ಟ್ರು ಸಂದಿಯಿಂದ ಇಣುಕಿದರು. ಅಯ್ಯೋ, ಮರೆತಳು! ದಡಬಡ ಓಡಿ, ಬೆವರೊರೆಸುತ್ತಲೇ ಅವನ್ನೂ ತುರುಕಿ ಗುಂಡಿ ಒತ್ತಿದರು. ಬೆವರೊರೆಸಿದ ಕೆಂಪು ಕರವಸ್ತ್ರವೂ ಒಳಗೇ ಹೋಗಿತ್ತು.

ಹುಡುಗಿ ಬಕೆಟ್ ಹಿಡಿದು ಬಂದು ಯಂತ್ರ ನಿಲ್ಲಿಸಿ ತೆಗೆದಾಗ ಬೆಡ್‌ಶೀಟುಗಳೆಲ್ಲ ನಾಚಿದ ಕೆನ್ನೆಯಂತೆ ಕೆಂಪೇರಿದ್ದವು.

“ಕೆಳಗಿದ್ದಿದ್ದು ಕಲೆ ಆಗಿರೋದು, ಸರ್. ನೆನೆಹಾಕೋಕೆ ಬಕೆಟ್ ತರೋಕೆ ಹೋಗಿದ್ದೆ.” ಹುಡುಗಿ ಕರವಸ್ತ್ರವನ್ನು ಎರಡೇ ಬೆರಳಲ್ಲಿ ಎತ್ತಿದಳು. “ಇದು ನಿಮ್ದಾ?”

ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನಿ. “ಯಾರು ಮಾಡಿದ್ದು ಇದು?”

ಹುಡುಗಿಯ ಬೆರಳು ಮೇಷ್ಟ್ರತ್ತ ಹೋಯಿತು. “ಇವರು. ನಾನು ಸರಿ ಮಾಡ್ತೀನಿ, ಮೇಡಂ.”

ಅವಸರವಿಲ್ಲದೆ ಬ್ಲೀಚ್ ಪುಡಿ ಅಳೆದು ಹಾಕಿ ಯಂತ್ರ ತಿರುಗಿಸಿದಳು. ಬಟ್ಟೆ ಮತ್ತೆ ಬೆಳ್ಳಗಾಯಿತು.

“ಭೇಷ್! ನಾಳೆಯಿಂದ ನೀನು ಕಾಯಂ ಕಣಮ್ಮಾ,” ಎಂದರು ಯಜಮಾನಿ. ಆಮೇಲೆ ಮೇಷ್ಟ್ರತ್ತ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ, ಜೋರಾಗಿ ಹೇಳಿದರು: “ಬೇಜಾರ್ ಮಾಡ್ಕೋಬೇಡಪ್ಪಾ. ಶಾಲೆಯವರು ಇಬ್ಬರನ್ನ ಕಳಿಸ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಈ ವಯಸ್ಸಲ್ಲೂ ಕಲಿಯೋಕೆ ಬಂದಿದೀಯಲ್ಲ, ಮೆಚ್ಚಿದೆ. ಇನ್ನೂ ಸ್ವಲ್ಪ ಕಲೀಬೇಕು, ಆಯ್ತಾ?”

ಮೇಷ್ಟ್ರ ಬಾಯಿ ತೆರೆಯಿತು. ನಾನು ಮೇಷ್ಟ್ರು ಎಂದರೆ ಷರತ್ತು ಮುರಿದಂತೆ, ಹುಡುಗಿಯ ಕೆಲಸ ಹೋದಂತೆ. ಬಾಯಿ ಮುಚ್ಚಿತು. ವಿಧೇಯರಾಗಿ ತಲೆಯಾಡಿಸಿದರು. ಇಸ್ತ್ರಿಯವನು ನಗು ತಡೆಯಲು ಬಿಸಿ ಇಸ್ತ್ರಿಪೆಟ್ಟಿಗೆಯನ್ನೇ ಕಚ್ಚುವಂತಿದ್ದ.

“ನಾಳೆ ಇವರನ್ನೂ ಕರ್ಕೊಂಡ್ ಬರ್ತೀನಿ, ಮೇಡಂ,” ಎಂದಳು ಹುಡುಗಿ. “ಪಾಪ, ನಾನೇ ಹೇಳ್ಕೊಡ್ತೀನಿ.”

ಅವಳು ಹಾಗೆಂದದ್ದು ಕನಿಕರದಿಂದಲೋ ಚೇಷ್ಟೆಯಿಂದಲೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಮೇಷ್ಟ್ರಿಗೂ ಇನ್ನೂ ಬಂದಿಲ್ಲ.