ಮಾಸ್ತರರ ದನಿ

ನಮ್ಮ ಸೋದರಮಾವ ಮೊದಲ ಚುನಾವಣೆಯಲ್ಲಿ ಎದುರಾಳಿಯ ಪರವಾಗಿ ಅದ್ಭುತ ಪ್ರಚಾರ ಮಾಡಿ ಸೋತರು. ನಗಬೇಡಿ, ನಿಜ!

ಮಾವ ಮಿಮಿಕ್ರಿ ಕಲಾವಿದರು. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಕೊಂಢವಾದಲ್ಲಿ ಮನೆ ಮಾಡಿದವರು. ತೊಂಬತ್ತರ ದಶಕದಲ್ಲಿ ಗಣೇಶೋತ್ಸವ ಬಂತೆಂದರೆ ಅವರಿಗೆ ಪುರಸೊತ್ತೇ ಇಲ್ಲ. ಲೋಣಾವಳಾ ಘಾಟು ಹತ್ತುವ ರೈಲು, ಕೆಟ್ಟ ಮಿಕ್ಸರು, ಜಗಳ ಕಾಯುವ ಬೆಕ್ಕುಗಳು ಎಲ್ಲಾ ಅವರ ಗಂಟಲಲ್ಲೇ ವಾಸ. ಮನೆಯಲ್ಲಿ ಕುಕ್ಕರಿನ ಸೀಟಿ ಹೊಡೆದು ಅತ್ತೆ ಗ್ಯಾಸ್ ಆರಿಸುವಂತೆ ಮಾಡಿ, ಬೇಯದ ಬೇಳೆಯನ್ನು ತಾವೇ ಉಣ್ಣುತ್ತಿದ್ದರು. ಇಂಥವರಿಗೆ ಏನು ಹೇಳುವುದು?

ನಾಯಕರು ಬರುವವರೆಗೆ ಜನರನ್ನು ಕೂರಿಸಿಡಲಿ ಎಂದು ಒಂದು ಪಕ್ಷದವರು ಇವರನ್ನು ವೇದಿಕೆ ಹತ್ತಿಸಿದರು. ಜನ ಕೂತರು; ನಾಯಕರು ಬಂದೊಡನೆ ಎದ್ದು ಹೋದರು! ಪಕ್ಷದವರು ಯೋಚಿಸಿ, ನಗರಪಾಲಿಕೆಯ ಟಿಕೆಟನ್ನು ಮಾವನಿಗೇ ಕೊಟ್ಟರು.

ಎದುರಿಗೆ ನಿಂತವರು ಅದೇ ಓಣಿಯ ಮರಾಠಿ ಮಾಸ್ತರರು. ಗುಡುಗಿನಂಥ ದನಿ. ಮಾವ ಸಭೆಸಭೆಯಲ್ಲೂ ಆ ದನಿ ತೆಗೆದು ಅವರ ಆಶ್ವಾಸನೆಗಳನ್ನು ಅಣಕಿಸಿದರು. ಆದರೆ ಪಕ್ಕದ ಗಲ್ಲಿಗಳಲ್ಲಿ ಧ್ವನಿವರ್ಧಕ ಕೇಳುತ್ತಿದ್ದವರಿಗೆ ಮಾಸ್ತರರೇ ಮಾತಾಡಿದಂತಿತ್ತು. ಆಹಾ, ಎಂಥ ಭಾಷಣ! ಮತಗಳೆಲ್ಲ ಅವರಿಗೇ ಬಿದ್ದವು. ಗೆದ್ದ ಮಾಸ್ತರರು ಪೇಢೆ ಹಿಡಿದುಕೊಂಡು ಮನೆಗೆ ಬಂದು, ಮಾವನ ಬಾಯಿಗೆ ತಾವೇ ಇಟ್ಟರು. ಅಂದಿನಿಂದ ಇಬ್ಬರೂ ಗೆಳೆಯರು.

ಮುಂದಿನ ಸಲ ಮಾಸ್ತರರು ಸಾಕೆಂದು ಹಿಂದೆ ಸರಿದರು. ಅತ್ತೆ ಮಾವನಿಗೆ ಕರಾರು ಹಾಕಿದರು.

"ನಿಲ್ಲೋದಿದ್ರ ನಿಲ್ರಿ. ಆದ್ರ ನಿಮ್ಮ ದನಿಯೊಳಗ ಮಾತಾಡ್ರಿ."

"ನನ್ನ ದನಿ ಯಾವುದು ಅಂತ ನನಗ ನೆನಪಿಲ್ಲಲ್ಲ ಮಾರಾಯ್ತಿ!"

ಹೇಗೋ ನೆನಪು ಮಾಡಿಕೊಂಡು ಗೆದ್ದರು. ಪಾಲಿಕೆಯ ಸಭೆಯಲ್ಲಿ ಮೊದಲ ಸಲ ಎದ್ದು ನಿಂತು ಇವರು ಮಾತಾಡಲಿಲ್ಲ. ನೀರಿಲ್ಲದ ನಳದ ಸದ್ದು ಮಾಡಿದರು. ಮೊದಲು ಬುಸ್ಸ್, ಆಮೇಲೆ ಗೊರಗೊರ, ಕೊನೆಗೆ ಟಪಕ್ ಅಂತ ಒಂದೇ ಹನಿ. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನಗ್ರಿ, ನಗ್ರಿ. ನಮ್ಮ ಓಣ್ಯಾಗ ಹೆಣ್ಮಕ್ಕಳು ಬೆಳಿಗ್ಗೆ ಎದ್ದು ಇದನ್ನ ಕೇಳ್ತಾರ" ಎಂದು ತಾವು ಹೇಳಿದ್ದನ್ನು ಮಾವ ಮನೆಗೆ ಬಂದು ಕನ್ನಡದಲ್ಲಿ ನಮಗೆ ಒಪ್ಪಿಸಿದರು. ಓಣಿಗೆ ಹೊಸ ಪೈಪು ಬಂತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾಸ್ತರರಿಗೆ ಗಂಟಲಿನ ಆಪರೇಷನ್ ಆಯಿತು. ದನಿ ಹೋಯಿತು. ನೋಡಲು ಹೋದಾಗ ಮಾವ ನನ್ನನ್ನೂ ಕರೆದೊಯ್ದರು. ಅಷ್ಟು ಮಾತಿನ ಮನುಷ್ಯ ಸೋಫಾದ ತುದಿಯಲ್ಲಿ ಕೂತು ಮಾವನ ಗಂಟಲಿನತ್ತ ಬೆರಳು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡರು. ನನ್ನ ದನಿ ತೆಗಿ ಎಂದು! ಮಾವ ಎರಡೂ ಕೈ ಜೋಡಿಸಿ ಬೇಡವೆಂದರು. ಅವರು ಬಿಡಲಿಲ್ಲ.

ಕೊನೆಗೆ ಮಾವ ಅಡುಗೆಮನೆಯ ಕಡೆ ತಿರುಗಿ ಆ ಗುಡುಗಿನ ದನಿಯಲ್ಲಿ, ಚಹಾ ಇಡು ಎಂದು ಮರಾಠಿಯಲ್ಲಿ ಕೂಗಿದರು: "ಅಗ, ಚಹಾ ಟಾಕ್!"

"ಟಾಕ್ತೇ, ಟಾಕ್ತೇ!" ಒಳಗಿನಿಂದ ಅಭ್ಯಾಸಬಲದ ಉತ್ತರ ಬಂತು. ಮರುಕ್ಷಣ ಪಾತ್ರೆಯ ಸದ್ದು ನಿಂತಿತು.

ಮಾಸ್ತರರ ಹೆಂಡತಿ ಬಾಗಿಲಿಗೆ ಬಂದರು. ಮಾವ ಗಾಬರಿಯಾಗಿ ಎದ್ದು ನಿಂತು ಕ್ಷಮೆ ಕೇಳತೊಡಗಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಮಾತಾಡಿ ಎಂದರು.

ಮಾಸ್ತರರು ಹೆಂಡತಿಯ ಮುಖ ನೋಡುತ್ತಾ ತುಟಿ ಅಲುಗಿಸಿದರು. ಮಾವ ಆ ತುಟಿಯನ್ನೇ ನೋಡುತ್ತಾ ಮೆಲ್ಲಗೆ ದನಿ ಕೊಟ್ಟರು. "ದಣಿದಿದ್ದೀಯ, ಸ್ವಲ್ಪ ಕೂತ್ಕೋ" ಎಂದಿತು ಆ ದನಿ, ಮರಾಠಿಯಲ್ಲಿ.

ಆಕೆ ಗಂಡನ ಪಕ್ಕದಲ್ಲಿ ಕೂತರು.