ಅರ್ಜಿರಾಯರು ಕೆಂಪು ಚೌಕದೊಳಗೆ

"ನೋಡ್ತಾ ಇರು! ನನ್ನ ಪೆನ್ನಿನಿಂದ ಒಂದು ಅರ್ಜಿ ಹೊರಟರೆ ನಗರಸಭೆಗೆ ನಗರಸಭೆಯೇ ಎದ್ದು ನಿಲ್ಲಬೇಕು!" ಎಂದು ಬೆಳಗಿನ ಕಾಫಿ ಹೊತ್ತಿಗೆ ಅರ್ಜಿರಾಯರು ಘೋಷಿಸಿದರು.

ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ತಲೆ ನರೆತ ಮೇಲೆ ನಿವೃತ್ತರಾದವರು, ಬೀದಿದೀಪ ಕೆಟ್ಟರೂ ಅರ್ಜಿ, ಬೀದಿನಾಯಿ ಬೊಗಳಿದರೂ ಅರ್ಜಿ ಬರೆದು ಬರೆದು ನೆರೆಹೊರೆಯವರಿಂದ ಸಂಪಾದಿಸಿದ ಬಿರುದು.

ಈ ಸಲದ ವಿಷಯ ಮಾತ್ರ ಹುಡುಗಾಟದ್ದಲ್ಲ. ಮನೆ ಮುಂದಿನ ಚರಂಡಿ ಕಟ್ಟಿಕೊಂಡಿತ್ತು. ಮಳೆ ಬಂದರೆ ಸಾಕು, ಕೊಚ್ಚೆ ನೀರು ನೇರವಾಗಿ ಹೆಂಡತಿಯ ಹೊಲಿಗೆ ಕೋಣೆಗೆ ನುಗ್ಗುತ್ತಿತ್ತು. ಅಲ್ಲಿ ಈಗ ಶಾಲೆಯೊಂದರ ಸಮವಸ್ತ್ರಗಳು ರಾಶಿ ಬಿದ್ದಿದ್ದವು. ನಾಳೆಯೇ ಒಪ್ಪಿಸಬೇಕು. ಬಟ್ಟೆಗೆ ಕೊಚ್ಚೆ ತಾಗಿತೋ, ಆ ಶಾಲೆಯವರು ಮತ್ತೆ ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಹೊರಗೆ ನೋಡಿದರೆ ಮೋಡ ಕವಿಯುತ್ತಿತ್ತು.

"ನಿಮ್ಮ ಅರ್ಜಿ ಅಲ್ಲಿಗೆ ಮುಟ್ಟೋ ಹೊತ್ತಿಗೆ ನಾನು ದೋಣಿಯಲ್ಲಿ ಕೂತು ಹೊಲೀತಿರ್ತೀನಿ" ಎಂದಳು ಹೆಂಡತಿ. "ನಗರಸಭೆಯವರದ್ದು ಹೊಸ ಆ್ಯಪ್ ಬಂದಿದೆಯಂತಲ್ರೀ, ಒಂದು ಫೋಟೋ ತೆಗೆದು ಹಾಕಿದ್ರೆ ಸಾಕಂತೆ."

"ಫೋಟೋನಾ! ಸರ್ಕಾರ ಅಂದ್ರೆ ಏನಂತ ತಿಳ್ಕೊಂಡಿದ್ದೀಯೇ? ವಿಷಯ ಬೇಡ್ವಾ? ವಿನಂತಿ ಬೇಡ್ವಾ? ಕೊನೆಗೆ ಒಂದು 'ತಮ್ಮ ವಿಧೇಯ' ಆದ್ರೂ ಬೇಡ್ವಾ?"

ಹಾಗೆಂದವರೇ ಮೋಡದ ಕಡೆ ಒಮ್ಮೆ ನೋಡಿ ಫೋನ್ ಕಸಿದುಕೊಂಡರು. ಆ್ಯಪ್‌ನಲ್ಲಿ ವಿವರ ಬರೆಯುವ ಜಾಗ ಕಂಡದ್ದೇ ರಾಯರ ಬೆರಳಿಗೆ ಹುರುಪು ಬಂತು. "ಮಹಾಮಾನ್ಯರ ದಿವ್ಯ ಸನ್ನಿಧಾನಕ್ಕೆ ತಲೆಬಾಗಿ ನಮಿಸಿ, ತಮ್ಮ ಅಮೂಲ್ಯ ಸಮಯಕ್ಕೆ ಭಂಗ ತರುತ್ತಿರುವುದಕ್ಕಾಗಿ ಕ್ಷಮೆ ಕೋರುತ್ತಾ ಅರಿಕೆ ಮಾಡಿಕೊಳ್ಳುವುದೇನೆಂದರೆ..." ಅಷ್ಟಕ್ಕೇ ಜಾಗ ಭರ್ತಿ! ಚರಂಡಿ ಇನ್ನೂ ಎರಡು ಪುಟ ದೂರದಲ್ಲಿತ್ತು.

"ಕೊಡ್ರೀ ಇಲ್ಲಿ!" ಎಂದು ಹೆಂಡತಿ ಫೋನ್ ಕಿತ್ತುಕೊಂಡು ಹೊರಗೆ ನಡೆದಳು.

"ತಡಿಯೇ! ಅರ್ಜಿದಾರನೇ ಇಲ್ಲದ ಅರ್ಜಿ ಎಲ್ಲಾದರೂ ಉಂಟೇ?" ರಾಯರು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಚರಂಡಿ ಮೇಲಿನ ಚಪ್ಪಡಿಕಲ್ಲಿನ ಮೇಲೆ ಹತ್ತಿ ಕೈಮುಗಿದು ನಿಂತರು. ಆ ಚಪ್ಪಡಿ ಅವರದೇ ನಿರ್ಮಾಣ. ಸ್ಕೂಟರ್ ನಿಲ್ಲಿಸಲೆಂದು ಸಿಮೆಂಟ್ ಮೆತ್ತಿ ಕೂರಿಸಿದ್ದರು. "ಈ ಕಲ್ಲು ತೆಗೆಸ್ರೀ" ಎಂದು ಹೆಂಡತಿ ಹೇಳಿದಾಗಲೆಲ್ಲ "ನೀನೇನು ಇಂಜಿನಿಯರಾ?" ಎಂದು ಅವಳ ಬಾಯಿ ಮುಚ್ಚಿಸಿದ್ದರು.

ಫೋಟೋ ಹೋಯಿತು. ಹೋದದ್ದೇ ತಡ, ಆ್ಯಪ್ ತಾನಾಗಿಯೇ ಚಿತ್ರವನ್ನು ಪರೀಕ್ಷಿಸಿ, ಅದರ ಮೇಲೊಂದು ಕೆಂಪು ಚೌಕ ಎಳೆದು ಉತ್ತರ ಕಳಿಸಿತು: "ನೀರಿನ ಹರಿವಿಗೆ ಅಡ್ಡಿ ಪತ್ತೆಯಾಗಿದೆ." ಚೌಕದೊಳಗೆ, ಚಪ್ಪಡಿ ಸಮೇತ, ಕೈಮುಗಿದ ರಾಯರು!

ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು.

"ಏನಿದು ಅವಮಾನ! ಸರ್ಕಾರದ ಉಪ್ಪು ತಿಂದವನು ನಾನು ಅಡ್ಡಿಯೇ? ಇದರ ಮೇಲೇ ಒಂದು ಅರ್ಜಿ ಜಡಿತೀನಿ..." ಎನ್ನುವಷ್ಟರಲ್ಲಿ ಫೋನ್ ಮತ್ತೆ ಟಿಣ್ ಎಂದಿತು. "ಸಿಬ್ಬಂದಿ ಹೊರಟಿದ್ದಾರೆ." ಕೆಳಗೊಂದು ನಕ್ಷೆ, ಅದರಲ್ಲಿ ಪುಟ್ಟ ಲಾರಿಯೊಂದು ಗುಡುಗುಡು ಓಡಿ ಬರುತ್ತಿತ್ತು.

ರಾಯರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅವರ ಕಾಲದಲ್ಲಿ ಕಡತವೊಂದು ಪಕ್ಕದ ಮೇಜಿಗೆ ಹೋಗುವಾಗಲೂ ದಾರಿ ತಪ್ಪುತ್ತಿತ್ತು. ಈಗ ಸರ್ಕಾರ ಎಲ್ಲಿದೆ, ಯಾವ ತಿರುವಿನಲ್ಲಿದೆ, ಎಲ್ಲ ಅಂಗೈಯಲ್ಲೇ! ಕೋಪ ಎಲ್ಲಿ ಹೋಯಿತೋ, ಪಂದ್ಯ ನೋಡುವವರಂತೆ ಕೂಗತೊಡಗಿದರು: "ಬಂತು ಕಣೇ! ಸೇತುವೆ ದಾಟಿತು! ಛೆ, ಸಿಗ್ನಲ್‌ನಲ್ಲಿ ನಿಂತುಬಿಡ್ತು... ಹಾಂ, ಹೊರಟಿತು! ಭಲೇ ಸರ್ಕಾರ!"

ಲಾರಿ ಬಂದು ನಿಂತಾಗ ಮಾತ್ರ ಅವಮಾನ ಮತ್ತೆ ನೆನಪಾಯಿತು. ಓಡಿಹೋಗಿ ಚಪ್ಪಡಿಯ ಮೇಲೆ ಎದೆಯುಬ್ಬಿಸಿ ನಿಂತರು.

"ಅಡ್ಡಿ ಎಲ್ಲಿದೆ ಸರ್?" ಎಂದ ಮೇಸ್ತ್ರಿ.

"ನಾನೇ! ನಿಮ್ಮ ಆ್ಯಪ್ ಅಪ್ಪಣೆ ಕೊಡಿಸಿದೆ. ಎತ್ತಿ ಲಾರಿಗೆ ಹಾಕ್ಕೊಳ್ಳಿ!"

ಮೇಸ್ತ್ರಿ ಫೋನ್ ನೋಡಿದ, ರಾಯರ ಕಾಲಬುಡ ನೋಡಿದ. "ನೀವಲ್ಲ ಸರ್, ನಿಮ್ಮ ಕಾಲ ಕೆಳಗಿನ ಕಲ್ಲು. ಸ್ವಲ್ಪ ಇಳೀತೀರಾ?"

ರಾಯರು ಇಳಿದರು. ಹಾರೆ ಹಾಕಿ ಮೀಟಿದಾಗ ಗುಟ್ಟು ರಟ್ಟಾಯಿತು. ಚಪ್ಪಡಿಯ ಒಂದು ತುದಿ ಕುಸಿದು ಚರಂಡಿಯೊಳಗೇ ಕೂತಿತ್ತು, ಬೀದಿಯ ಕಸವೆಲ್ಲ ಅದರ ಬೆನ್ನಿಗೆ ಮೆತ್ತಿಕೊಂಡಿತ್ತು. ಕಲ್ಲು ಎದ್ದದ್ದೇ ನೀರು ಗುಳುಗುಳು ಎಂದು ಓಡಿತು. ರಾಯರು ಸ್ಕೂಟರಿನ ಕನ್ನಡಿ ಒರೆಸುವುದರಲ್ಲಿ ತಲ್ಲೀನರಾದರು.

ಮಧ್ಯಾಹ್ನ ಮಳೆ ಧೋ ಎಂದು ಸುರಿಯಿತು. ಹೊಲಿಗೆ ಕೋಣೆಯೊಳಗೆ ಒಂದು ಹನಿ ನೀರಿಲ್ಲ. ಸಮವಸ್ತ್ರಗಳು ಗರಿಗರಿಯಾಗಿ ಮಡಚಿಕೊಂಡು ಕೂತಿದ್ದವು, ಮಿಷನ್ ಟರ್‌ರ್ ಎಂದು ಓಡುತ್ತಿತ್ತು. ರಾಯರಿಗೆ ನಿಜಕ್ಕೂ ಸಂತೋಷವಾಯಿತು. ಬಾಗಿಲಲ್ಲಿ ನಿಂತು ಕೆಮ್ಮಿದರು.

"ಆ್ಯಪ್ ಪರವಾಗಿಲ್ಲ ಕಣೇ. ನಾನೇ ಒಂದು ಅಭಿನಂದನಾ ಪತ್ರ ಬರೆಯೋಣ ಅಂತಿದ್ದೀನಿ."

"ಬೇಡ ಬಿಡಿ, ಆಗಲೇ ಐದೂ ನಕ್ಷತ್ರ ಒತ್ತಿದ್ದೀನಿ. ಇಷ್ಟು ವರ್ಷ ನಾನು ಬಡ್ಕೊಂಡಿದ್ದನ್ನ ಅದು ಒಂದೇ ನೋಟಕ್ಕೆ ಕಂಡುಹಿಡೀತು!"

ರಾಯರು ಬಾಗಿಲಲ್ಲೇ ನಿಂತು ಸಮವಸ್ತ್ರಗಳನ್ನು ಎಣಿಸತೊಡಗಿದರು. ಹೆಂಡತಿ ಸೂಜಿಗೆ ದಾರ ಪೋಣಿಸಲು ಹೋಗಿ ತಲೆಯೆತ್ತಿದಳು.

"ರೀ, ಬೆಳಕಿಗೆ ಅಡ್ಡ ನಿಂತಿದ್ದೀರಿ. ನೀವಾಗೇ ಸರೀತೀರೋ, ಫೋಟೋ ತೆಗೀಲೋ?"

ರಾಯರು ಸರಿದರು. ಅರ್ಜಿಯಿಲ್ಲದೆ, ತತ್‌ಕ್ಷಣ!